ಮೋಟಾರಿನ ಕಿಡಿಯೂ ಅಗ್ಗದ ಬಿಡಿಭಾಗವೂ

ಮುಂಬಯಿಯ ಕಡೆಯಿಂದ ಬಂದ ರೈಲುಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದುವು. ಆದರೆ ಹಳಿಯಿಂದ ದೂರವಿದ್ದ ದೇವದುರ್ಗಕ್ಕೂ, ಮಾನ್ವಿಯ ಸೀಮೆಯ ಬಾಗಲವಾಡದಂತಹ ಊರುಗಳಿಗೂ ಎತ್ತಿನ ಬಂಡಿಯೇ ಬಹುಕಾಲ ಗತಿಯಾಗಿತ್ತು. ನಿಜಾಮರ ಸರ್ಕಾರದ ರೈಲ್ವೆಯವರು 27 ಬಸ್ಸುಗಳೊಡನೆ ತಮ್ಮ ಸಂಸ್ಥಾನದಲ್ಲಿ ರಸ್ತೆ ಸಾರಿಗೆಯನ್ನು ಆರಂಭಿಸಿದುದು 1932ರಲ್ಲಿ. ಆ ಕಾಲದ ಮೋಟಾರು ಎರೆಭೂಮಿಯ ನಡುವೆ ನಿಂತುಹೋಯಿತೆಂದರೆ, ಕಾರಣವು ಎಷ್ಟೋ ವೇಳೆ ಉಗುರಿನಷ್ಟು ಗಾತ್ರವೂ ಇಲ್ಲದ ಒಂದು ಲೋಹದ ತುಣುಕಾಗಿರುತ್ತಿತ್ತು.

ಪೆಟ್ರೋಲಿನ ಎಂಜಿನ್ನಿಗೆ ಕಿಡಿಯೇ ಪ್ರಾಣ. ತಂತಿಸುರುಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಎರಡು ಲೋಹದ ಮೊನೆಗಳು ಥಟ್ಟನೆ ಬೇರ್ಪಟ್ಟು ಕಡಿಯುತ್ತವೆ. ಆ ಕ್ಷಣದಲ್ಲಿ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 1,500 ಸಲ ತಿರುಗಿದರೆ, ಈ ಮೊನೆಗಳು ಗಂಟೆಗೆ 1,80,000 ಸಲ ತೆರೆದು ಮುಚ್ಚಬೇಕು. ಪ್ರತಿ ಸಲವೂ ಅವುಗಳ ನಡುವೆ ಸಣ್ಣದೊಂದು ಸುಡುಕಿಡಿಯು ಏಳುತ್ತದೆ. ಇದನ್ನು ತಾಳಿಕೊಳ್ಳಲು ತುಕ್ಕು ಹಿಡಿಯದ ಪ್ಲಾಟಿನಮ್ಮನ್ನೇ ಮೊದಲಿನವರು ಬಳಸಿದರು.

ಆ ಪ್ಲಾಟಿನಮ್ಮಿನ ಬಹುಭಾಗವು ರಷ್ಯದ ಉರಲ್ ಪರ್ವತಗಳಿಂದ ಬರುತ್ತಿತ್ತು. 1914ರ ಯುದ್ಧವೂ ಅನಂತರದ ಕ್ರಾಂತಿಯೂ ಆ ದಾರಿಯನ್ನು ಮುಚ್ಚಿದುವು. 1918ರಲ್ಲಿ ಅಮೆರಿಕದ ಸರ್ಕಾರವು ಅದಕ್ಕೆ ಔನ್ಸಿಗೆ 105 ಡಾಲರುಗಳ ಬೆಲೆಯನ್ನು ಗೊತ್ತುಮಾಡಿತು. ಚಿನ್ನದ ಬೆಲೆಯ ಐದು ಪಾಲು! ಬಡಪಾಯಿ ಮೋಟಾರಿನೊಳಗೆ ಇಂತಹ ಒಡವೆಯನ್ನು ಇಟ್ಟು ಓಡಿಸುವುದೆಂತು?

ಪರಿಹಾರವು ವಿದ್ಯುದ್ದೀಪದ ಕಡೆಯಿಂದ ಬಂದಿತು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಕೂಲಿಜ್ ಎಂಬವರು 1910ರ ಸುಮಾರಿಗೆ ಟಂಗ್‌ಸ್ಟನ್ ಲೋಹವನ್ನು ತಂತಿಯಾಗಿ ಎಳೆಯುವ ಬಗೆಯನ್ನು ಸಾಧಿಸಿದ್ದರು. ಅದು ಕರಗಬೇಕಾದರೆ 3,400 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖ ಬೇಕು. ಪ್ಲಾಟಿನಮ್ಮಿಗಾದರೋ ಸುಮಾರು 1,770 ಸಾಕು. ಆದರೂ ಹಳೆಯ ಮೊನೆಯನ್ನು ಕಿತ್ತು ಹೊಸದನ್ನು ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಿಸಿಯಾದ ಟಂಗ್‌ಸ್ಟನ್ನಿನ ಮೇಲೆ ವಿದ್ಯುತ್ತನ್ನು ತಡೆಯುವ ಪೊರೆ ಕಟ್ಟುತ್ತದೆ. ಅದನ್ನು ಒಡೆಯುವಷ್ಟು ಬಿಗಿಯಾದ ಸ್ಪ್ರಿಂಗು ಬೇಕಾಯಿತು. ನಮ್ಮ ಅಕ್ಕಸಾಲಿಯ ಒರೆಗಲ್ಲು ಲೋಹದ ಕುಲವನ್ನು ಹೇಳೀತು, ಗಂಟೆಗೆ ಲಕ್ಷಾಂತರ ಪೆಟ್ಟು ತಿನ್ನುವ ಅದರ ತಾಳಿಕೆಯನ್ನು ಹೇಳಲಾರದು. ಕುಲದಲ್ಲಿ ಕೀಳಾದ ಲೋಹವೇ ಈ ಕೆಲಸದಲ್ಲಿ ಮೇಲಾಗಿ ನಿಂತಿತು.

ಮೊನೆಗಳಿಗೆ ಜೊತೆಯಾಗಿ ಕಂಡೆನ್ಸರೆಂಬ ಇನ್ನೊಂದು ಭಾಗವುಂಟು. ಮೊನೆಗಳನ್ನು ಸುಡುವ ವಿದ್ಯುತ್ತನ್ನು ಒಂದು ಗಳಿಗೆ ತನ್ನಲ್ಲಿ ಹಿಡಿದಿಡುವುದು ಅದರ ಕೆಲಸ. ಒಳ್ಳೆಯ ಮ್ಯಾಗ್ನೆಟೋಗಳಲ್ಲಿ ಲೋಹದ ತೆಳುಹಾಳೆಗಳ ನಡುವೆ ಅಭ್ರಕವನ್ನು ಇಡುತ್ತಿದ್ದರು. ನಮ್ಮ ನೆಲ್ಲೂರಿನಿಂದಲೂ ಬಿಹಾರದ ಕಡೆಯಿಂದಲೂ ಹಡಗೇರಿ ಹೋದ ಅಭ್ರಕವು ಯಂತ್ರದೊಳಗೆ ಅಡಗಿ ಹತ್ತು ಪಟ್ಟು ಬೆಲೆಗೆ ಮರಳಿ ಬರುತ್ತಿದ್ದಿರಬಹುದೆಂದು ನನಗೆ ಅನೇಕ ವೇಳೆ ತೋರಿದೆ. ಅಗ್ಗಕ್ಕಾಗಿ ಅಭ್ರಕದ ಬದಲು ಮೇಣ ಹೀರಿಸಿದ ಕಾಗದವು ಬಳಕೆಗೆ ಬಂದಿತು. ತಂಪುದೇಶದ ಮೇಜಿನ ಮೇಲೆ ಇದರಲ್ಲಿ ದೋಷವೇ ಕಾಣದು. ನೆರಳಿನಲ್ಲಿಯೇ 40 ಡಿಗ್ರಿ ಮೀರುವ ರಾಯಚೂರಿನ ಬೇಸಗೆಯಲ್ಲಿ, ಎಂಜಿನ್ನಿನ ಮುಚ್ಚಳದ ಕೆಳಗಾದರೋ ಮೇಣವು ಮೆತ್ತಗಾಗಿ ವಿದ್ಯುತ್ತು ಸೋರತೊಡಗುತ್ತದೆ. ಕಿಡಿ ಸೊರಗಿ, ಮೊನೆಗಳು ಕರಕಾಗುತ್ತವೆ. ಸಂಜೆ ಗಾಡಿ ತಣ್ಣಗಾದೊಡನೆ ಎಂಜಿನ್ನು ಏನೂ ಆಗಲಿಲ್ಲವೆಂಬಂತೆ ಹೊರಟುಬಿಡುವುದೂ ಉಂಟು! ಆದುದರಿಂದ ತಣ್ಣಗಿರುವಾಗ ಮಾಡಿದ ಪರೀಕ್ಷೆಯು ಅರ್ಧ ಪರೀಕ್ಷೆಯೇ ಸರಿ. ಬಿಸಿಮಾಡಿ ನೋಡಬೇಕು, ಇಲ್ಲವೆ ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಅದರ ಸ್ಥಾನದಲ್ಲಿಟ್ಟು ಹೋಲಿಸಬೇಕು.

ಪರೀಕ್ಷೆಯನ್ನೇ ಯಂತ್ರವನ್ನಾಗಿ ಮಾಡಿದವರು ಫೋರ್ಡ್ ಸಂಸ್ಥೆಯವರು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಅವರ ಟಿ ಮಾದರಿಯ ಗಾಡಿಯಲ್ಲಿ ಸಿಲಿಂಡರಿಗೊಂದರಂತೆ ನಾಲ್ಕು ಮರದ ಪೆಟ್ಟಿಗೆಗಳು. ಒಂದೊಂದರೊಳಗೂ ಸುರುಳಿ, ಕಾಗದದ ಕಂಡೆನ್ಸರು, ಮೇಲೆ ನಡುಗುವ ಮೊನೆಗಳು. ದುರಸ್ತಿಗಾರನು ಪೆಟ್ಟಿಗೆಯನ್ನು ಪರೀಕ್ಷಕ ಯಂತ್ರದಲ್ಲಿಟ್ಟು ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದನು. ಮೀಟರಿನ ಮುಳ್ಳು 1.3 ಆಂಪಿಯರಿನ ಆಸುಪಾಸಿನಲ್ಲಿ ನಿಲ್ಲಬೇಕು. ಸುತ್ತಲ ಬಳೆಯಲ್ಲಿ ಒಂದು ಸುತ್ತಿಗೆ 16 ಕಿಡಿಗಳು ಕ್ರಮವಾಗಿ ಹಾರಬೇಕು. ಒಂದರ ಬದಲು ಎರಡು ಹಾರಿದರೆ ಮೊನೆಗಳನ್ನು ಮತ್ತೆ ಹೊಂದಿಸಬೇಕು. ಅಕ್ಷರ ಬಾರದವನನ್ನೂ ಪರೀಕ್ಷಕನನ್ನಾಗಿ ಮಾಡುವ ಈ ಸರಳತೆಯು ನನಗಂತೂ ಆ ಗಾಡಿಗಿಂತ ಹೆಚ್ಚಿನ ಸಾಧನೆಯಾಗಿ ಕಾಣುತ್ತದೆ.

ನಮ್ಮ ನಾಡಿನಲ್ಲಿಯೇ ಇಂತಹ ಭಾಗಗಳ ತಯಾರಿಕೆಗೆ ದಾರಿಯಾದುದು ಬಾಷ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ 1951ರಲ್ಲಿ ಮೈಕೋ ಸ್ಥಾಪಿತವಾದ ಮೇಲೆ. ಫೋರ್ಡಿನ ಆ ಮರದ ಪೆಟ್ಟಿಗೆಗಳಾದರೋ ಇನ್ನೂ ಅಳಿದಿಲ್ಲ. ಹಳೆಯ ಗಾಡಿಗಳನ್ನು ಉಳಿಸಿಕೊಂಡವರು ಪೆಟ್ಟಿಗೆಯ ಡಾಂಬರನ್ನು ಕೆರೆದು ಸತ್ತ ಕಾಗದದ ಕಂಡೆನ್ಸರನ್ನು ತೆಗೆದು, ಪ್ಲಾಸ್ಟಿಕ್ ಹಾಳೆಯ ಹೊಸದನ್ನು ಇಡುತ್ತಾರೆ. ಬಳಿಕ ಕೈಯಿಂದ ತಿರುಗಿಸುವ ಅದೇ ಹಳೆಯ ಪರೀಕ್ಷಕವನ್ನು ಹೊರತೆಗೆದು, ಮುಳ್ಳು 1.3ರಲ್ಲಿ ನಿಲ್ಲುವುದೇ ಎಂದು ನೋಡುತ್ತಾರೆ.