ಲೆಂಡ್-ಲೀಸ್ ನೆರವು

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತನ್ನ ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿ, ಆಹಾರ, ಇಂಧನ ಒದಗಿಸಿದ ವ್ಯವಸ್ಥೆ. ಇದರ ಕಾಯಿದೆಗೆ ಅಧ್ಯಕ್ಷ ರೂಸ್‌ವೆಲ್ಟ್ 1941ರ ಮಾರ್ಚ್ 11ರಂದು ಸಹಿ ಹಾಕಿದರು. ಒಟ್ಟು ನೆರವು ಸುಮಾರು 5,000 ಕೋಟಿ ಡಾಲರ್. ಹೆಚ್ಚಿನ ಪಾಲು ಬ್ರಿಟನ್ ಮತ್ತು ಅದರ ಸಾಮ್ರಾಜ್ಯಕ್ಕೆ, ಸುಮಾರು 1,100 ಕೋಟಿ ಸೋವಿಯತ್ ಒಕ್ಕೂಟಕ್ಕೆ ಸಂದಿತು.

ಸೋವಿಯತ್ ಒಕ್ಕೂಟಕ್ಕೆ ಸರಕು ಹೋದದ್ದು ಮುಖ್ಯವಾಗಿ ಮೂರು ದಾರಿಗಳಲ್ಲಿ: ಆರ್ಕ್ಟಿಕ್ ಸಮುದ್ರ, ಇರಾನ್ ಮತ್ತು ಪೆಸಿಫಿಕ್. ಜರ್ಮನ್ ದಾಳಿಗೆ ತುತ್ತಾದ ಆರ್ಕ್ಟಿಕ್ ಹಡಗುಗಳೇ ಹೆಸರುವಾಸಿಯಾದರೂ, ಸುಮಾರು ಅರ್ಧದಷ್ಟು ಸರಕು ಸಾಗಿದ್ದು ಪೆಸಿಫಿಕ್ ಮೂಲಕ. ಜಪಾನ್ ಆಗ ಸೋವಿಯತ್ತಿನೊಡನೆ ತಟಸ್ಥ ಒಪ್ಪಂದದಲ್ಲಿದ್ದ ಕಾರಣ ಈ ದಾರಿಯಲ್ಲಿ ಸೋವಿಯತ್ ಧ್ವಜದ ಹಡಗುಗಳು ಶಸ್ತ್ರಾಸ್ತ್ರ ಬಿಟ್ಟು ಉಳಿದದ್ದನ್ನು ಸಾಗಿಸುತ್ತಿದ್ದವು.

ಟ್ಯಾಂಕು, ವಿಮಾನಗಳಿಗಿಂತ ಹೆಚ್ಚು ಪರಿಣಾಮ ಬೀರಿದ್ದು ಯಾರೂ ಅಷ್ಟಾಗಿ ಗಮನಿಸದ ವಸ್ತುಗಳು. 4 ಲಕ್ಷಕ್ಕೂ ಹೆಚ್ಚು ಟ್ರಕ್ ಮತ್ತು ಜೀಪುಗಳು ಸೋವಿಯತ್ತಿನ ಕೆಂಪು ಸೇನೆಗೆ ವೇಗ ಕೊಟ್ಟವು. ಪ್ರಸಿದ್ಧ ಕತ್ಯೂಷಾ ರಾಕೆಟ್‌ಗಳನ್ನು ಹೊತ್ತದ್ದು ಬಹುಪಾಲು ಅಮೆರಿಕದ ಸ್ಟುಡಿಬೇಕರ್ ಟ್ರಕ್ಕುಗಳೇ. ಸೋವಿಯತ್ ಕಾರ್ಖಾನೆಗಳು ರೈಲು ಎಂಜಿನ್ ತಯಾರಿಕೆಯನ್ನು ಬಹುತೇಕ ನಿಲ್ಲಿಸಿದ್ದಾಗ ಅಮೆರಿಕದಿಂದ ಸುಮಾರು 1,900 ಎಂಜಿನ್‌ಗಳು ಬಂದವು. ಡಬ್ಬಿಯಲ್ಲಿ ತುಂಬಿದ ಹಂದಿಮಾಂಸ, ಬೂಟು, ಟೆಲಿಫೋನ್ ತಂತಿಯೂ ಇದ್ದವು.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಯೋಜನಾ ಮುಖ್ಯಸ್ಥ ವೊಜ್ನೆಸೆನ್‌ಸ್ಕಿ ಈ ನೆರವು ದೇಶೀಯ ಉತ್ಪಾದನೆಯ ಶೇ. 4ರಷ್ಟು ಮಾತ್ರ ಎಂದು ಬರೆದರು. ಈ ಸರಾಸರಿ ಲೆಕ್ಕದಲ್ಲಿ ಕೊರತೆಯಿದ್ದ ಕಡೆಯೇ ಸರಕು ತಲುಪಿತೆಂಬ ಸಂಗತಿ ಮರೆಯಾಗುತ್ತದೆ. ಹಾಗೆಂದು ಯುದ್ಧ ಗೆದ್ದದ್ದೇ ಈ ನೆರವಿನಿಂದ ಎನ್ನುವುದೂ ಅತಿಶಯೋಕ್ತಿ: ಹೆಚ್ಚಿನ ಸರಕು ಬಂದದ್ದು 1943ರ ನಂತರ, ಯುದ್ಧದ ದಿಕ್ಕು ಬದಲಿಸಿದ ಸ್ಟಾಲಿನ್‌ಗ್ರಾಡ್ ಕದನ ಮುಗಿದ ಮೇಲೆ.