ಹೆಸರು ಕಳ್ಳ, ಬದುಕು ಕೂಲಿ

ಇತಿಹಾಸದ ಪಾಠಗಳಲ್ಲಿ ಆನೆ, ಕುದುರೆಗಳಿಗೆ ಸ್ಥಾನವುಂಟು. ಅವುಗಳ ಮೇಲೆ ರಾಜರು ಕುಳಿತಿದ್ದರಲ್ಲ! ಬಡವನ ಜೋಳಿಗೆಯಲ್ಲಿ ಕುಳಿತು ಹೋದ ಪ್ರಾಣಿಗಳನ್ನು ಕೇಳುವವರಿಲ್ಲ. ಪಾಠದ ನಡುವೆ ಬಿಡುವಾದಾಗ ನಾನು ಮಕ್ಕಳಿಗೆ ಹೇಳುವ ಅಂಥದೊಂದು ಕಥೆ ಫೆರೆಟ್‌ನದು.

ನೋಡಲು ಮುಂಗುಸಿಯಂತಿದ್ದರೂ ಅದು ನಮ್ಮ ಕಾವೇರಿಯ ನೀರುನಾಯಿಯ ಬಳಗದ್ದು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯ ಪಳಗಿದ ವಂಶ. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಭೂಗೋಳಜ್ಞ ಸ್ಟ್ರೇಬೋ ಇಂಥದೇ ಪ್ರಾಣಿಯನ್ನು ಕುರಿತು ಬರೆದಿದ್ದಾನೆ. ಸ್ಪೇನಿನ ಕಡೆ ಮೊಲಗಳು ಪೈರನ್ನೆಲ್ಲ ತಿಂದು ಹಾಕುತ್ತಿದ್ದವಂತೆ. ಜನ ಇದರ ಬಾಯಿ ಕಟ್ಟಿ ಬಿಲದೊಳಗೆ ಬಿಡುತ್ತಿದ್ದರು. ಹೆದರಿ ಹೊರಬಂದ ಮೊಲಗಳನ್ನು ಹಿಡಿಯುತ್ತಿದ್ದರು. ದುಡಿಮೆ ಇದರದು, ಊಟ ಯಜಮಾನನದು! ಆದರೂ ಇದಕ್ಕೆ ಬಂದ ಹೆಸರಿನ ಮೂಲ ‘ಕಳ್ಳ’ ಎಂಬರ್ಥದ ಲ್ಯಾಟಿನ್ ಪದ.

ಇಂಗ್ಲೆಂಡಿನಲ್ಲಿ 1390ರ ಕಾನೂನೊಂದು, ವರ್ಷಕ್ಕೆ ನಲವತ್ತು ಷಿಲಿಂಗ್ ಬರುವಷ್ಟು ಜಮೀನಿಲ್ಲದವನು ಬೇಟೆಗೆ ಫೆರೆಟ್ ಇಟ್ಟುಕೊಳ್ಳಬಾರದೆಂದಿತು. ಬಡವನ ಮನೆಗೆ ಒಂದು ಮೊಲದ ಮಾಂಸ ಬಂದರೂ ಸಿರಿವಂತರಿಗೆ ಸಂಕಟ.

ನನ್ನನ್ನು ಹೆಚ್ಚು ಕಾಡುವುದು ನ್ಯೂಜಿಲೆಂಡಿನ ಅಧ್ಯಾಯ. ಬಿಳಿಯರು ಬೇಟೆಗೂ ಊಟಕ್ಕೂ ಅಲ್ಲಿಗೆ ಮೊಲಗಳನ್ನು ತಂದರು. ಅವು ಮಿತಿಮೀರಿ ಹೆಚ್ಚಿ ಕುರಿಗಳ ಹುಲ್ಲನ್ನು ಮೇಯತೊಡಗಿದವು. 1880ರ ದಶಕದಲ್ಲಿ ಸಾವಿರಾರು ಫೆರೆಟ್‌ಗಳನ್ನು ಬಯಲಿಗೆ ಬಿಟ್ಟರು. ಪಕ್ಷಿತಜ್ಞರು ಬೇಡವೆಂದು ಎಚ್ಚರಿಸಿದರೂ ಕೇಳಲಿಲ್ಲ. ಮೊಲಗಳು ಮುಗಿಯಲಿಲ್ಲ, ಹಾರಲಾರದ ಕಿವಿಯಂಥ ಹಕ್ಕಿಗಳು ಬಲಿಯಾದವು. ಕೊನೆಗೆ 2002ರಲ್ಲಿ ಆ ದೇಶ ಫೆರೆಟ್‌ಗಳ ಮಾರಾಟವನ್ನೂ ಸಾಕಣೆದಾರರು ಮರಿ ಮಾಡಿಸುವುದನ್ನೂ ನಿಷೇಧಿಸಿತು. ಕರೆತಂದವರು ಮನುಷ್ಯರು, ಅಪರಾಧಿ ಮಾತ್ರ ಪ್ರಾಣಿ.

ಇಂದು ಯುರೋಪು, ಅಮೆರಿಕಗಳಲ್ಲಿ ಇದು ಮುದ್ದಿನ ಪ್ರಾಣಿ. ಆದರೆ ಮುದ್ದು ಮಾಡಿದರಷ್ಟೇ ಸಾಲದು. ಅದಕ್ಕೆ ಮಾಂಸಾಹಾರವೇ ಬೇಕು. ಅನ್ನ, ಹಣ್ಣು ಆಗದು. ಬಿಸಿಲ ಧಗೆ ತಡೆಯದು. ದಿನದಲ್ಲಿ ಹದಿನಾಲ್ಕು ಗಂಟೆಗೂ ಮಿಕ್ಕಿ ಮಲಗುತ್ತದೆ. ಎದ್ದರೆ ಮನೆಯ ಸಣ್ಣಪುಟ್ಟ ಸಾಮಾನು ಮೂಲೆಗೆ ಎಳೆದು ಬಚ್ಚಿಡುತ್ತದೆ. ಮೈಗೆ ಒಂದು ಬಗೆಯ ವಾಸನೆ ಬೇರೆ! ಇಷ್ಟನ್ನೂ ಆರೆಂಟು ವರ್ಷ ಸಹಿಸಬಲ್ಲವರು ಮಾತ್ರ ಸಾಕಬೇಕು.

ಕಾಡಿನಿಂದ ಬಿಡಿಸಿ ತಂದವರು ನಾವು. ಬೇಕಾದಾಗ ಮಡಿಲಿಗೆ, ಬೇಡವಾದಾಗ ಬೀದಿಗೆ ಎಂದರೆ ನ್ಯಾಯವೇ? ಮಕ್ಕಳು ಈ ಪ್ರಶ್ನೆಗೆ ತಡಮಾಡದೆ ಉತ್ತರಿಸುತ್ತಾರೆ. ತಡವರಿಸುವವರು ದೊಡ್ಡವರು.