ಬೆಳಕಿನಿಂದ ಮಾತಿಗೆ: ಒಂದು ಪಾಠದ ಚರಿತ್ರೆ

ಶತಮಾನೋತ್ಸವದ ಈ ಸಂಚಿಕೆಯಲ್ಲಿ ಶಾಲೆಯ ಚರಿತ್ರೆಯ ಜೊತೆಗೆ, ನಾವು ಬೋಧಿಸುವ ಪಾಠವೊಂದರ ಚರಿತ್ರೆಯನ್ನೂ ಓದುಗರ ಮುಂದಿಡಬಯಸುತ್ತೇವೆ. ಲೋಹದ ಮೇಲೆ ತಕ್ಕ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಇದೇ ದ್ಯುತಿವಿದ್ಯುತ್ ಪರಿಣಾಮ.

1887ರಲ್ಲಿ ಜರ್ಮನಿಯ ಹೈನ್ರಿಕ್ ಹರ್ಟ್ಸ್ ಅವರು, ಅತಿನೇರಳೆ ಕಿರಣ ಬಿದ್ದರೆ ಲೋಹದ ತುದಿಗಳ ನಡುವೆ ವಿದ್ಯುತ್ ಕಿಡಿ ಸುಲಭವಾಗಿ ಹಾರುವುದನ್ನು ಗಮನಿಸಿದರು. 1902ರಲ್ಲಿ ಫಿಲಿಪ್ ಲೆನಾರ್ಡ್ ಇನ್ನೊಂದು ವಿಚಿತ್ರವನ್ನು ಪ್ರಕಟಿಸಿದರು. ಬೆಳಕನ್ನು ಪ್ರಖರಗೊಳಿಸಿದರೆ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. ಬೆಳಕು ಕೇವಲ ಅಲೆಯಾಗಿದ್ದರೆ ಹೀಗಾಗುವಂತಿರಲಿಲ್ಲ.

ಈ ಒಗಟನ್ನು 1905ರಲ್ಲಿ ಬಿಡಿಸಿದವರು ಐನ್‌ಸ್ಟೈನ್. ಬೆಳಕು ಶಕ್ತಿಯ ಕಣಗಳಾಗಿ ಬರುತ್ತದೆ. ಕಣದ ಶಕ್ತಿ ಬೆಳಕಿನ ಆವೃತ್ತಿಯನ್ನು ಅವಲಂಬಿಸಿದೆ. ಒಂದು ಕಣ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ ಎಂದು ಅವರು ವಿವರಿಸಿದರು. ಆದುದರಿಂದಲೇ ಸತುವಿನ ಫಲಕದ ಮೇಲೆ ಕೆಂಪು ದೀಪವನ್ನು ಎಷ್ಟು ಹೊತ್ತು ಬೆಳಗಿದರೂ ಫಲವಿಲ್ಲ. ಮಂದವಾದ ಅತಿನೇರಳೆ ಕಿರಣ ಸಾಕು. ಅಮೆರಿಕದ ಮಿಲಿಕನ್ ಈ ವಾದವನ್ನು ನಂಬದೆಯೇ ವರ್ಷಗಳ ಕಾಲ ಪರೀಕ್ಷಿಸಿ, 1916ರಲ್ಲಿ ಐನ್‌ಸ್ಟೈನರ ಸಮೀಕರಣ ಸರಿಯೆಂದೇ ತೋರಿಸಿದರು. 1921ರ ನೊಬೆಲ್ ಪಾರಿತೋಷಕ ಐನ್‌ಸ್ಟೈನರಿಗೆ ಸಂದದ್ದು ವಿಶೇಷವಾಗಿ ಈ ನಿಯಮಕ್ಕಾಗಿ.

ದೂರದ ಪ್ರಯೋಗಾಲಯದ ಈ ಸಂಗತಿ ಕನ್ನಡಿಗರ ಕಿವಿಯನ್ನು ತಲುಪಿದ್ದು ವಾಕ್ಚಿತ್ರದ ಮೂಲಕ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆ ಕಾಲದ ವಾಕ್ಚಿತ್ರಗಳಲ್ಲಿ ಧ್ವನಿಯನ್ನು ಫಿಲ್ಮಿನ ಅಂಚಿನಲ್ಲಿ ಕಪ್ಪು-ಬಿಳುಪಿನ ಪಟ್ಟಿಯಾಗಿ ಮುದ್ರಿಸುತ್ತಿದ್ದರು. ಪ್ರೊಜೆಕ್ಟರಿನೊಳಗಿನ ಪುಟ್ಟ ದೀಪದ ಬೆಳಕು ಆ ಪಟ್ಟಿಯನ್ನು ಹಾದು, ಹೆಚ್ಚುಕಡಿಮೆಯಾಗುತ್ತ ದ್ಯುತಿಕೋಶದ ಮೇಲೆ ಬೀಳುತ್ತಿತ್ತು. ಎಲೆಕ್ಟ್ರಾನುಗಳನ್ನು ಸಡಿಲವಾಗಿ ಹಿಡಿದಿರುವ ಸೀಸಿಯಂ ಲೋಹದ ಲೇಪವಿದ್ದುದರಿಂದ ಸಾಮಾನ್ಯ ದೀಪವೇ ಸಾಕಾಗುತ್ತಿತ್ತು. ಹೊರಬಿದ್ದ ಎಲೆಕ್ಟ್ರಾನುಗಳ ಏರಿಳಿತ ಧ್ವನಿವರ್ಧಕದಲ್ಲಿ ಮಾತಾಗಿ, ಹಾಡಾಗಿ ಕೇಳುತ್ತಿತ್ತು. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದ ನಮ್ಮ ಹಿರಿಯ ವಿದ್ಯಾರ್ಥಿಗಳು, ಅರಿಯದೆಯೇ ಈ ಪಾಠವನ್ನು ಕಿವಿಯಾರೆ ಕೇಳಿದವರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ನಮ್ಮ ಶಾಲೆಯ ಪಾಠ ಕನ್ನಡದಲ್ಲಿಯೇ ಮುಂದುವರಿಯಿತು. ಕನ್ನಡದಲ್ಲಿ ವಿಜ್ಞಾನ ಕಲಿತರೆ ಮುಂದೇನು ಎಂದು ಪೋಷಕರು ಇಂದು ಕೇಳುತ್ತಾರೆ. ಮಕ್ಕಳ ಭವಿಷ್ಯದ ಚಿಂತೆಯಿಂದ ಹುಟ್ಟಿದ ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ‘ದ್ಯುತಿ’ ಎಂದರೆ ಬೆಳಕು ಎಂದು ತಿಳಿದ ಮಗುವಿಗೆ ಪರಿಣಾಮದ ಹೆಸರೇ ಅರ್ಧ ಪಾಠವನ್ನು ಹೇಳುತ್ತದೆ. ಕೆಂಪು ಬೆಳಕು ಏಕೆ ಸೋಲುತ್ತದೆ ಎಂಬುದನ್ನು ಮನೆಮಾತಿನಲ್ಲಿ ಮನಗಂಡ ವಿದ್ಯಾರ್ಥಿ, ಮುಂದೆ ಇನ್ನೊಂದು ಭಾಷೆಯಲ್ಲಿ ಕಲಿಯಬೇಕಾದುದು ಹೊಸ ಹೆಸರನ್ನು ಮಾತ್ರ, ಅರ್ಥವನ್ನಲ್ಲ. ಈ ನಂಬಿಕೆಯಿಂದಲೇ ನಾವು ಎರಡನೆಯ ಶತಮಾನಕ್ಕೆ ಕಾಲಿಡುತ್ತಿದ್ದೇವೆ.